ಗಾಯಗೊಂಡ ಆಟಗಾರನನ್ನು ತೂಗುವುದು ಹೇಗೆ? ಮಾರ್ಚ್ ತಿಂಗಳ ಬ್ರ್ಯಾಕೆಟ್ ಕುರಿತು ಒಂದು ಉತ್ತರ

ಪ್ರಶ್ನೆ: ನಾನು ಶಿವಮೊಗ್ಗದವನು, ಹನ್ನೆರಡು ವರ್ಷಗಳಿಂದ ಅಮೆರಿಕದ ರಾಲಿಯಲ್ಲಿದ್ದೇನೆ. ಪ್ರತಿ ಮಾರ್ಚ್‌ನಲ್ಲಿ ಕಚೇರಿಯವರೆಲ್ಲ ಸೇರಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಬ್ರ್ಯಾಕೆಟ್, ಅಂದರೆ ಸೋತವರು ಹೊರಬೀಳುವ ಈ ಟೂರ್ನಿಯ ಪ್ರತಿ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಎಂಬ ಊಹೆಯ ಹಾಳೆ, ತುಂಬುತ್ತೇವೆ. 2018ರಲ್ಲಿ ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡ ಸುದ್ದಿಯನ್ನು ಲೆಕ್ಕಿಸದೆ ಆ ತಂಡವನ್ನೇ ಚಾಂಪಿಯನ್ ಎಂದು ಬರೆದೆ. ಅದು ಮೊದಲ ಪಂದ್ಯದಲ್ಲೇ ಸೋತಿತು. 2025ರಲ್ಲಿ ಡ್ಯೂಕ್‌ನ ಕೂಪರ್ ಫ್ಲ್ಯಾಗ್‌ನ ಪಾದದ ಕೀಲು ಉಳುಕಿದಾಗ ಮತ್ತೆ ಅದೇ ತಪ್ಪು ಮಾಡಬಾರದೆಂದು, ಡ್ಯೂಕ್ ಎರಡನೇ ಸುತ್ತಿನಲ್ಲೇ ಹೊರಬೀಳುತ್ತದೆ ಎಂದು ಬರೆದೆ. ಅದು ಸೆಮಿಫೈನಲ್ ತಲುಪಿತು. ಹಾಗಾದರೆ ಗಾಯದ ಸುದ್ದಿಗೆ ಎಷ್ಟು ತೂಕ ಕೊಡಬೇಕು?

ಉತ್ತರ: ನೀವು ಎರಡು ವರ್ಷಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಮಾನ ಮಾಡಿದ್ದೀರಿ, ಆದರೆ ಎರಡರ ಹಿಂದೆಯೂ ಇರುವುದು ಒಂದೇ ರೀತಿಯ ಯೋಚನೆ. ಗಾಯವನ್ನು ನೀವು "ಇದೆ" ಅಥವಾ "ಇಲ್ಲ" ಎಂದು ನೋಡಿದ್ದೀರಿ. ಇದೆ ಎಂದರೆ ತಂಡ ಮುಗಿಯಿತು, ಇಲ್ಲ ಎಂದರೆ ತಂಡ ಮೊದಲಿನಂತೆಯೇ ಇದೆ. ನಾನು ಹೇಳಬಯಸುವುದು ಇಷ್ಟು: ಗಾಯವನ್ನು ಮೊದಲು ಅಂಕಗಳಿಗೆ ಇಳಿಸಬೇಕು, ಆ ಅಂಕಗಳನ್ನು ಗೆಲುವಿನ ಸಾಧ್ಯತೆಗೆ ಇಳಿಸಬೇಕು, ಮತ್ತು ಅದನ್ನು ಒಂದೊಂದು ಸುತ್ತಿಗೂ ಪ್ರತ್ಯೇಕವಾಗಿ ಮಾಡಬೇಕು. ಹೀಗೆ ಮಾಡಿದಾಗ ಕಾಣಿಸುವ ಸಂಗತಿ ಅನೇಕರಿಗೆ ಅಚ್ಚರಿ ತರುತ್ತದೆ: ಒಬ್ಬ ಉತ್ತಮ ಆಟಗಾರನ ಗೈರುಹಾಜರಿ ಬಲಿಷ್ಠ ತಂಡದ ಮೊದಲ ಪಂದ್ಯವನ್ನು ಹೆಚ್ಚು ಬದಲಿಸುವುದಿಲ್ಲ, ಆದರೆ ಅದೇ ತಂಡದ ಚಾಂಪಿಯನ್ ಆಗುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ತರಬಲ್ಲದು.

ಅಂಕಗಳಿಂದಲೇ ಆರಂಭಿಸೋಣ. ಕಾಲೇಜು ಪಂದ್ಯ 40 ನಿಮಿಷದ್ದು, ಅಂಕಣದಲ್ಲಿ ಐದು ಮಂದಿ ಇರುತ್ತಾರೆ. ಆದ್ದರಿಂದ ಒಂದು ತಂಡದ ಕೈಯಲ್ಲಿ ಒಟ್ಟು 200 ಆಟಗಾರ-ನಿಮಿಷಗಳಿರುತ್ತವೆ. ಮುಖ್ಯ ಆಟಗಾರನೊಬ್ಬ ಸಾಮಾನ್ಯವಾಗಿ ಅವುಗಳಲ್ಲಿ 30ರಿಂದ 35 ನಿಮಿಷ ಆಡುತ್ತಾನೆ. ಅವನು ಹೊರಗುಳಿದರೆ ಆ ನಿಮಿಷಗಳು ಮಾಯವಾಗುವುದಿಲ್ಲ, ಬೇರೆಯವರ ಪಾಲಿಗೆ ಹೋಗುತ್ತವೆ. ಹಾಗಾಗಿ "ಅವನು ಪಂದ್ಯಕ್ಕೆ 18 ಅಂಕ ಗಳಿಸುತ್ತಿದ್ದ, ಇನ್ನು ತಂಡಕ್ಕೆ 18 ಅಂಕ ಕಡಿಮೆ" ಎಂಬ ಲೆಕ್ಕ ಸಂಪೂರ್ಣ ತಪ್ಪು. ಆ ಎಸೆತಗಳನ್ನು ಬೇರೆ ಯಾರೋ ಎಸೆಯುತ್ತಾರೆ. ಅವರು ಅವನಿಗಿಂತ ಎಷ್ಟು ಕಡಿಮೆ ಸಮರ್ಥರು ಎಂಬುದಷ್ಟೇ ನಷ್ಟ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಹೊಸ ವಿಚಾರವಲ್ಲ. 2023ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಪುಣೆಯಲ್ಲಿ ಹಾರ್ದಿಕ್ ಪಾಂಡ್ಯ ಗಾಯಗೊಂಡ ಮೇಲೆ ಮೊಹಮ್ಮದ್ ಶಮಿ ತಂಡಕ್ಕೆ ಬಂದರು; ಟೂರ್ನಿಯಲ್ಲಿ ಅತಿ ಹೆಚ್ಚು, ಅಂದರೆ 24 ವಿಕೆಟ್ ಪಡೆದವರು ಅವರೇ. ಆದರೆ ಬ್ಯಾಟಿಂಗ್ ಬಲ್ಲ ಆರನೇ ಬೌಲರ್ ಎಂಬ ಅನುಕೂಲ ಮಾತ್ರ ಹೋದದ್ದು ಹೋಯಿತು. ಹೋದವನು ಯಾರು ಎಂಬುದರ ಜೊತೆಗೆ ಬಂದವನು ಯಾರು, ತಂಡದ ಯಾವ ಕೆಲಸ ಅನಾಥವಾಯಿತು ಎಂದು ಕೇಳದೆ ನಷ್ಟವನ್ನು ಅಳೆಯಲಾಗದು.

ಲೆಕ್ಕವನ್ನು ಒಂದು ಕಲ್ಪಿತ ತಂಡದ ಮೇಲೆ ಮಾಡಿ ತೋರಿಸುತ್ತೇನೆ. ಬಾಕ್ಸ್ ಪ್ಲಸ್-ಮೈನಸ್ ಎಂಬ ಅಳತೆ ಇದೆ. ನೂರು ಪೊಸೆಷನ್‌ಗಳಲ್ಲಿ, ಅಂದರೆ ಚೆಂಡು ನೂರು ಬಾರಿ ತಂಡದ ವಶಕ್ಕೆ ಬಂದಾಗ, ಒಬ್ಬ ಆಟಗಾರ ಸರಾಸರಿ ಆಟಗಾರನಿಗಿಂತ ಎಷ್ಟು ಅಂಕ ಹೆಚ್ಚು ತಂದುಕೊಡುತ್ತಾನೆ ಎಂಬುದರ ಅಂದಾಜು ಅದು. ನಮ್ಮ ತಾರೆಯ ಮೌಲ್ಯ 9, ಉಳಿದ ನಾಲ್ವರು ಆರಂಭಿಕ ಆಟಗಾರರದು ತಲಾ 5, ಮೊದಲ ಬದಲಿ ಆಟಗಾರನದು 3, ಬೆಂಚಿನ ಕೊನೆಯಲ್ಲಿ ಕೂರುವವನದು ಸೊನ್ನೆ ಎಂದಿಟ್ಟುಕೊಳ್ಳಿ. ತಾರೆ ಆಡುತ್ತಿದ್ದ 32 ನಿಮಿಷಗಳಲ್ಲಿ 12 ನಿಮಿಷ ಉಳಿದ ಆರಂಭಿಕರಿಗೆ, 14 ನಿಮಿಷ ಮೊದಲ ಬದಲಿಗೆ, 6 ನಿಮಿಷ ಬೆಂಚಿನ ಕೊನೆಯವನಿಗೆ ಹೋದರೆ, ಆ 32 ನಿಮಿಷಗಳ ಹೊಸ ಸರಾಸರಿ ಮೌಲ್ಯ 3.2ರಷ್ಟಾಗುತ್ತದೆ. ವ್ಯತ್ಯಾಸ 5.8. ಅವನು ಪಂದ್ಯದ ಶೇ 80ರಷ್ಟು ಕಾಲ ಆಡುತ್ತಿದ್ದ, ಪಂದ್ಯದಲ್ಲಿ 68 ಪೊಸೆಷನ್‌ಗಳಿರುತ್ತವೆ ಎಂದು ಹಿಡಿದರೆ, ತಂಡಕ್ಕಾಗುವ ನಷ್ಟ ಪಂದ್ಯಕ್ಕೆ 3.2 ಅಂಕ. ಬಹಳ ದೊಡ್ಡ ಆಟಗಾರನಾದರೆ, ಬೆಂಚು ತೆಳುವಾಗಿದ್ದರೆ, ಈ ಸಂಖ್ಯೆ ಐದಾರರ ತನಕ ಹೋಗಬಹುದು. ಅದಕ್ಕಿಂತ ಹೆಚ್ಚು ಬಂದರೆ ನಿಮ್ಮ ಲೆಕ್ಕವನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಈ ಅಳತೆಯಲ್ಲಿ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲ ನಿಮಿಷಗಳೂ ಒಂದೇ ಬಗೆಯವಲ್ಲ. ಚೆಂಡನ್ನು ಮುಂದಕ್ಕೆ ಒಯ್ದು ಆಟ ಕಟ್ಟುವ ಪಾಯಿಂಟ್ ಗಾರ್ಡ್‌ನ ಕೆಲಸವನ್ನು ಬೇರೆಯವರು ಹಂಚಿಕೊಳ್ಳುವುದು, ಮೂಲೆಯಲ್ಲಿ ನಿಂತು ಮೂರಂಕದ ಎಸೆತ ಹಾಕುವವನ ಕೆಲಸವನ್ನು ಹಂಚಿಕೊಳ್ಳುವುದಕ್ಕಿಂತ ಬಹಳ ಕಷ್ಟ. 2012ರ ನಾರ್ತ್ ಕ್ಯಾರೊಲೈನಾ ತಂಡ ಇದಕ್ಕೆ ಒಳ್ಳೆಯ ಉದಾಹರಣೆ. ಅದೇ ರಾಜ್ಯದ ರಾಲಿಯಲ್ಲಿರುವ ನಿಮಗೆ ಅಲ್ಲಿನ ಜನ ಅದನ್ನು ಇವತ್ತಿಗೂ ಹೇಳುತ್ತಿರಬಹುದು. ಪಂದ್ಯಕ್ಕೆ ಸುಮಾರು 10 ಅಸಿಸ್ಟ್ (ಸಹ ಆಟಗಾರನ ಅಂಕಕ್ಕೆ ದಾರಿಯಾಗುವ ಪಾಸ್) ಕೊಡುತ್ತಿದ್ದ ಕೆಂಡಲ್ ಮಾರ್ಷಲ್ ಎರಡನೇ ಪಂದ್ಯದಲ್ಲಿ, ಕ್ರೇಟನ್ ವಿರುದ್ಧ, ಬಲ ಮಣಿಕಟ್ಟಿನ ಮೂಳೆ ಮುರಿದುಕೊಂಡ. ಅವನು ಅಂಕ ಗಳಿಸುವುದರಲ್ಲಿ ತಂಡದ ಮುಂಚೂಣಿಯ ಆಟಗಾರನೇ ಆಗಿರಲಿಲ್ಲ. ಆದರೂ ಒಂದನೇ ಶ್ರೇಯಾಂಕದ (ತಂಡಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಬಲದ ಕ್ರಮದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ) ಆ ತಂಡ ಮುಂದಿನ ಪಂದ್ಯದಲ್ಲಿ 13ನೇ ಶ್ರೇಯಾಂಕದ ಒಹಾಯೊ ತಂಡವನ್ನು ಮಣಿಸಲು ಹೆಚ್ಚುವರಿ ಅವಧಿ ಬೇಕಾಯಿತು, ಅದರ ನಂತರ ಕ್ಯಾನ್ಸಸ್ ವಿರುದ್ಧ 80–67ರಿಂದ ಸೋತಿತು. ಅವನ ಬದಲಿಗೆ ಬಂದ ಹುಡುಗ ಚೆಂಡನ್ನು ಕಳೆಯದೆ ಶ್ರದ್ಧೆಯಿಂದ ಆಡಿದ. ಆದರೆ ಎತ್ತರದ ಆಟಗಾರರಿಗೆ ಓಡುತ್ತಲೇ ಚೆಂಡು ತಲುಪಿಸುವ ಆ ವೇಗ ತಂಡದಿಂದ ಹೋಗಿತ್ತು. ಹೀಗಾಗಿ ಗಾಯಗೊಂಡವನು ಮುಖ್ಯ ಪಾಯಿಂಟ್ ಗಾರ್ಡ್ ಆಗಿದ್ದು, ತಂಡದಲ್ಲಿ ಎರಡನೇ ಅನುಭವಿ ಗಾರ್ಡ್ ಇಲ್ಲದಿದ್ದರೆ, ಬಂದ ಸಂಖ್ಯೆಗೆ ಒಂದು ಅಂಕವನ್ನು ನಾನು ಸೇರಿಸುತ್ತೇನೆ. ಇದು ಅನುಭವದಿಂದ ಬಂದ ತೀರ್ಮಾನ, ಸೂತ್ರದಿಂದ ಬಂದದ್ದಲ್ಲ.

ಇದರ ಎದುರು ಬದಿಯಲ್ಲಿ 2013ರ ಲೂಯಿವಿಲ್ ಇದೆ. ಡ್ಯೂಕ್ ವಿರುದ್ಧದ ಪಂದ್ಯದಲ್ಲಿ ಕೆವಿನ್ ವೇರ್‌ನ ಕಾಲು ಮುರಿದ ದೃಶ್ಯವನ್ನು ಕಂಡವರು ಮರೆಯಲಾರರು. ಸಹ ಆಟಗಾರರು ಅಂಕಣದಲ್ಲೇ ಕುಸಿದು ಅತ್ತರು. ಆದರೆ ವೇರ್ ಬೆಂಚಿನಿಂದ ಬಂದು ಆಡುವ ಬದಲಿ ಗಾರ್ಡ್. ಲೂಯಿವಿಲ್ ಆ ಪಂದ್ಯವನ್ನು 85–63ರಿಂದ, ನಂತರದ ಸೆಮಿಫೈನಲ್ ಪಂದ್ಯವನ್ನೂ ಗೆದ್ದು, ಮಿಷಿಗನ್ ವಿರುದ್ಧದ ಫೈನಲ್‌ನಲ್ಲಿ ಜಯಗಳಿಸಿತು (ಆ ಪ್ರಶಸ್ತಿಯನ್ನು ಎನ್‌ಸಿಎಎ 2018ರಲ್ಲಿ ಬೇರೆ ಕಾರಣಕ್ಕೆ ರದ್ದು ಮಾಡಿತು). ಗಾಯ ಎಷ್ಟು ಭೀಕರವಾಗಿತ್ತು ಎಂಬುದಕ್ಕೂ ತಂಡಕ್ಕೆ ಎಷ್ಟು ನಷ್ಟವಾಯಿತು ಎಂಬುದಕ್ಕೂ ಸಂಬಂಧವಿಲ್ಲ ಎಂದು ಹೇಳುವಾಗ ಮನಸ್ಸಿಗೆ ನೋವಾಗುತ್ತದೆ, ಆದರೆ ಬ್ರ್ಯಾಕೆಟ್ ತುಂಬುವವರು ಈ ಎರಡನ್ನೂ ಬೇರೆಬೇರೆಯಾಗಿ ಇಡಲೇಬೇಕು.

ಈಗ ಅಂಕಗಳಿಂದ ಸಾಧ್ಯತೆಗೆ ಬರೋಣ. ತಂಡಗಳ ಬಲವನ್ನು ಅಂಕಗಳಲ್ಲಿ ಅಂದಾಜಿಸುವ ಒಳ್ಳೆಯ ರೇಟಿಂಗ್ ಹೇಳುವ ಅಂತರಕ್ಕೂ ನಿಜವಾಗಿ ಬರುವ ಅಂತರಕ್ಕೂ ಇರುವ ವ್ಯತ್ಯಾಸದ ಪ್ರಮಾಣಿತ ವಿಚಲನೆ (ಏರುಪೇರು ಸಾಮಾನ್ಯವಾಗಿ ಎಷ್ಟಿರುತ್ತದೆ ಎಂಬ ಅಳತೆ) ಕಾಲೇಜು ಪಂದ್ಯಗಳಲ್ಲಿ ಸುಮಾರು 11 ಅಂಕ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ನಾರ್ಮಲ್ ಡಿಸ್ಟ್ರಿಬ್ಯೂಷನ್ ಸೂತ್ರದಿಂದ ಯಾವ ಸ್ಪ್ರೆಡ್‌ಶೀಟ್‌ನಲ್ಲಿ ಬೇಕಾದರೂ ಲೆಕ್ಕ ಹಾಕಬಹುದು. 20 ಅಂಕಗಳಿಂದ ಗೆಲ್ಲಬೇಕಾದ ತಂಡದ ಸಾಧ್ಯತೆ ಶೇ 96ಕ್ಕಿಂತ ಸ್ವಲ್ಪ ಹೆಚ್ಚು. ಅದರಿಂದ 3 ಅಂಕ ತೆಗೆದರೂ ಶೇ 94ರ ಹತ್ತಿರವೇ ಉಳಿಯುತ್ತದೆ. ಆದರೆ 4 ಅಂಕಗಳಿಂದ ಗೆಲ್ಲಬೇಕಾದ ತಂಡದ ಸಾಧ್ಯತೆ ಶೇ 64. ಅದರಿಂದ 3 ಅಂಕ ತೆಗೆದರೆ ಶೇ 54ಕ್ಕೆ ಇಳಿಯುತ್ತದೆ. ಗಾಯ ಒಂದೇ, ನಷ್ಟವಾದ ಅಂಕಗಳೂ ಅಷ್ಟೇ. ಎದುರಾಳಿ ಸಮಬಲದವನಾದಂತೆ ಅದರ ಬೆಲೆ ಏರುತ್ತದೆ. ಟೂರ್ನಿಯಲ್ಲಿ ಎದುರಾಳಿಗಳು ಸುತ್ತಿನಿಂದ ಸುತ್ತಿಗೆ ಬಲಿಷ್ಠರಾಗುತ್ತಾ ಹೋಗುತ್ತಾರೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ.

ಆರು ಸುತ್ತುಗಳಲ್ಲಿ ಗೆಲ್ಲುವ ಸಾಧ್ಯತೆ ಕ್ರಮವಾಗಿ ಶೇ 97, 85, 72, 65, 58, 55 ಇರುವ ಪ್ರಬಲ ತಂಡವೊಂದನ್ನು ತೆಗೆದುಕೊಳ್ಳಿ. ಇವೆಲ್ಲವನ್ನೂ ಗುಣಿಸಿದರೆ ಚಾಂಪಿಯನ್ ಆಗುವ ಸಾಧ್ಯತೆ ಶೇ 12.3 ಬರುತ್ತದೆ. ಪ್ರತಿ ಪಂದ್ಯದಲ್ಲೂ 3 ಅಂಕ ಕಳೆಯಿರಿ: ಸಾಧ್ಯತೆಗಳು ಸುಮಾರು ಶೇ 95, 78, 62, 54, 47, 44 ಆಗುತ್ತವೆ, ಗುಣಲಬ್ಧ ಶೇ 5.2ಕ್ಕೆ ಕುಸಿಯುತ್ತದೆ. ಮೊದಲ ಸುತ್ತಿನಲ್ಲಿ ಎರಡು ಶೇಕಡಾ ಅಂಶ ಮಾತ್ರ ಕದಲಿಸಿದ ಅದೇ ಗಾಯ ಪ್ರಶಸ್ತಿಯ ಆಸೆಯನ್ನು ಅರ್ಧಕ್ಕಿಂತ ಹೆಚ್ಚು ತಿಂದುಹಾಕಿತು. ಸಾಮಾನ್ಯ ಬ್ರ್ಯಾಕೆಟ್ ಸ್ಪರ್ಧೆಗಳಲ್ಲಿ ಮೊದಲ ಸುತ್ತಿನ ಸರಿ ಊಹೆಗೆ ಒಂದು ಪಾಲು ಸಿಕ್ಕರೆ ಚಾಂಪಿಯನ್‌ನ ಸರಿ ಊಹೆಗೆ 32 ಪಾಲು ಸಿಗುತ್ತದೆ. ಆದ್ದರಿಂದ ಗಾಯದ ಸುದ್ದಿ ಬಂದಾಗ ತಿದ್ದಬೇಕಾದದ್ದು ಹಾಳೆಯ ಅಂಚಿನಲ್ಲಿರುವ ಮೊದಲ ಸುತ್ತನ್ನಲ್ಲ, ನಡುವಿನಲ್ಲಿರುವ ಕೊನೆಯ ಎರಡು ಮೂರು ಚೌಕಗಳನ್ನು.

ಈ ದೃಷ್ಟಿಯಿಂದ ನಿಮ್ಮ 2018ನ್ನು ನೋಡಿ. ಹಂಟರ್ ಪಂದ್ಯಕ್ಕೆ ಸುಮಾರು 20 ನಿಮಿಷ ಆಡಿ 9 ಅಂಕ ಗಳಿಸುತ್ತಿದ್ದ ಬದಲಿ ಆಟಗಾರ. ಬೇರೆಬೇರೆ ಎತ್ತರದ ಎದುರಾಳಿಗಳನ್ನು ತಡೆಯಬಲ್ಲವನಾದ್ದರಿಂದ ಅವನ ನಿಜವಾದ ಬೆಲೆ ಆ 9 ಅಂಕಗಳಿಗಿಂತ ಹೆಚ್ಚಿತ್ತು. ಉದಾರವಾಗಿ 3 ಅಂಕ ಕೊಟ್ಟರೂ, ಮೊದಲ ಪಂದ್ಯದ ಎದುರಾಳಿ ಯುಎಂಬಿಸಿ ವಿರುದ್ಧ ಸುಮಾರು 20 ಅಂಕಗಳ ಮೇಲುಗೈ ನಿರೀಕ್ಷಿಸಲಾಗಿದ್ದ ವರ್ಜೀನಿಯಾ, ಇಪ್ಪತ್ತು ಬಾರಿಯಲ್ಲಿ ಹತ್ತೊಂಬತ್ತು ಬಾರಿ ಗೆಲ್ಲಬೇಕಾದ ತಂಡವೇ ಆಗಿತ್ತು. ಮೊದಲಾರ್ಧ 21–21ರಲ್ಲಿ ಮುಗಿಯಿತು. ಎರಡನೇ ಅರ್ಧದಲ್ಲಿ ಯುಎಂಬಿಸಿ 53 ಅಂಕ ಹೊಡೆದು 74–54ರಿಂದ ಗೆದ್ದಿತು. ಪುರುಷರ ಟೂರ್ನಿಯಲ್ಲಿ 16ನೇ ಶ್ರೇಯಾಂಕದ ತಂಡವೊಂದು ಒಂದನೇ ಶ್ರೇಯಾಂಕದ ತಂಡವನ್ನು ಸೋಲಿಸಿದ್ದು ಅದೇ ಮೊದಲು. 20 ಅಂಕ ಮೇಲಿರಬೇಕಾದ ತಂಡ 20 ಅಂಕ ಕೆಳಗಿಳಿದ 40 ಅಂಕಗಳ ಅಂತರವನ್ನು ಹಂಟರ್‌ನ ಮಣಿಕಟ್ಟು ವಿವರಿಸುವುದಿಲ್ಲ. ಆದ್ದರಿಂದ ಆ ಪಂದ್ಯದಲ್ಲಿ ವರ್ಜೀನಿಯಾ ಗೆಲ್ಲುತ್ತದೆ ಎಂದು ಬರೆದದ್ದು ತಪ್ಪಲ್ಲ. ತಪ್ಪಾದದ್ದು ಹಾಳೆಯ ಇನ್ನೊಂದು ತುದಿಯಲ್ಲಿ: ಆ ವಾರ ವರ್ಜೀನಿಯಾವನ್ನು ಚಾಂಪಿಯನ್ ಎಂದು ಬರೆಯಲು ಮೊದಲಿನಷ್ಟು ಆಧಾರ ಉಳಿದಿರಲಿಲ್ಲ. ಗುಣಮುಖನಾದ ಹಂಟರ್ ಮರುವರ್ಷದ ಫೈನಲ್‌ನಲ್ಲಿ 27 ಅಂಕ ಗಳಿಸಿ ಅದೇ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ. ಅಂತಿಮ ಸುತ್ತುಗಳಲ್ಲಿ ಅಂಥ ಆಟಗಾರನ ಬೆಲೆ ಏನು ಎಂಬುದನ್ನು ಅದು ತೋರಿಸಿತು.

ಹೆಚ್ಚು ಜನ ಎಡವುವ ಜಾಗಕ್ಕೆ ಈಗ ಬರುತ್ತೇನೆ, ಅದು ಒಂದೇ ಗಾಯವನ್ನು ಎರಡು ಬಾರಿ ಕಳೆಯುವುದು. ನೀವು ನೋಡುವ ರೇಟಿಂಗ್‌ನಲ್ಲಿ ಗಾಯ ಆಗಲೇ ಸೇರಿಕೊಂಡಿರಬಹುದು. ಅಂಕಿಅಂಶ ವಿಶ್ಲೇಷಕ ಕೆನ್ ಪಾಮರಾಯ್ ಅವರ ರೇಟಿಂಗ್ ಆಗಲಿ, ಎನ್‌ಸಿಎಎ ತಾನೇ ಬಳಸುವ ನೆಟ್ (NET) ಎಂಬ ತಂಡಗಳ ಕ್ರಮಪಟ್ಟಿಯಾಗಲಿ ಯಾರು ಗಾಯಗೊಂಡಿದ್ದಾರೆ ಎಂದು ನೋಡುವುದಿಲ್ಲ, ಆಡಿದ ಪಂದ್ಯಗಳ ಫಲಿತಾಂಶವನ್ನಷ್ಟೇ ನೋಡುತ್ತವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಆ ಫಲಿತಾಂಶಗಳಲ್ಲಿ ಎಷ್ಟು ಪಂದ್ಯಗಳು ಅವನಿಲ್ಲದೆ ಆಡಿದವು? 34 ಪಂದ್ಯಗಳಲ್ಲಿ 10 ಪಂದ್ಯ ಅವನಿಲ್ಲದೆ ನಡೆದಿದ್ದರೆ, ನಷ್ಟದ ಸುಮಾರು ಶೇ 30 ಭಾಗ ರೇಟಿಂಗ್‌ಗೆ ಆಗಲೇ ಇಳಿದಿದೆ. ನೀವು ಕಳೆಯಬೇಕಾದದ್ದು ಉಳಿದ ಶೇ 70 ಮಾತ್ರ. ಅವನು ಟೂರ್ನಿಗೆ ಮರಳಿ ಬರುವುದಾದರೆ ಲೆಕ್ಕ ತಿರುಗುತ್ತದೆ: ರೇಟಿಂಗ್ ತಂಡವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿದೆ, ಆ ಶೇ 30ನ್ನು ಸೇರಿಸಬೇಕು.

2022ರಲ್ಲಿ ಒಂದೇ ಪಂದ್ಯ ಈ ವ್ಯತ್ಯಾಸದ ಎರಡೂ ಮುಖಗಳನ್ನು ತೋರಿಸಿತು. ಹ್ಯೂಸ್ಟನ್ ತಂಡ ಮಾರ್ಕಸ್ ಸ್ಯಾಸರ್ ಮತ್ತು ಟ್ರೇಮನ್ ಮಾರ್ಕ್ ಎಂಬ ಇಬ್ಬರು ಪ್ರಮುಖ ಗಾರ್ಡ್‌ಗಳನ್ನು ಡಿಸೆಂಬರ್‌ನಲ್ಲೇ ಕಳೆದುಕೊಂಡಿತ್ತು. ಮಾರ್ಚ್‌ನಲ್ಲಿ ಬ್ರ್ಯಾಕೆಟ್ ಬಂದಾಗ "ಇಬ್ಬರು ಇಲ್ಲ" ಎಂದು ಅದನ್ನು ಬೇಗ ಹೊಡೆದುಹಾಕಿದವರು, ಆ ತಂಡ ಎರಡು ತಿಂಗಳಿಗೂ ಹೆಚ್ಚು ಕಾಲ ಅವರಿಲ್ಲದೆಯೇ ಆಡಿ ಆ ರೇಟಿಂಗ್ ಗಳಿಸಿತ್ತು ಎಂಬುದನ್ನು ಮರೆತಿದ್ದರು. ಐದನೇ ಶ್ರೇಯಾಂಕದ ಹ್ಯೂಸ್ಟನ್ ಒಂದನೇ ಶ್ರೇಯಾಂಕದ ಆರಿಜೋನಾವನ್ನು ಸೋಲಿಸಿ ಕೊನೆಯ ಎಂಟರ ಸುತ್ತಿಗೆ ಬಂತು, ಅಲ್ಲಿ ವಿಲನೋವಾಕ್ಕೆ 50–44ರಿಂದ ಸೋತಿತು. ಆ ಪಂದ್ಯದ ಕೊನೆಯ ಕ್ಷಣಗಳಲ್ಲಿ ವಿಲನೋವಾದ ಜಸ್ಟಿನ್ ಮೂರ್ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡು ಬಿದ್ದ. ವಿಲನೋವಾದ ರೇಟಿಂಗ್‌ನಲ್ಲಿ ಅವನಿಲ್ಲದ ಪಂದ್ಯಗಳ ಗುರುತೇ ಇರಲಿಲ್ಲ ಎನ್ನಬೇಕು. ಇಡೀ ನಷ್ಟವನ್ನು ಒಂದೇ ಸಲ ಕಳೆಯಬೇಕಾಗಿತ್ತು. ಹಿಂದಿನಿಂದಲೂ ಕೆಲವೇ ಮಂದಿಯನ್ನು ನೆಚ್ಚಿ ಆಡುತ್ತಿದ್ದ ತಂಡ ಅದು. ಸೆಮಿಫೈನಲ್‌ನಲ್ಲಿ ಕ್ಯಾನ್ಸಸ್ ಅದನ್ನು 81–65ರಿಂದ ಸೋಲಿಸಿತು.

ಶ್ರೇಯಾಂಕವೂ ಹೀಗೆಯೇ ಗಾಯವನ್ನು ಒಳಗೊಂಡಿರಬಹುದು, ಏಕೆಂದರೆ ಟೂರ್ನಿಗೆ ತಂಡಗಳನ್ನು ಆರಿಸಿ ಶ್ರೇಯಾಂಕ ಕೊಡುವ ಆಯ್ಕೆ ಸಮಿತಿ ಆಟಗಾರರ ಲಭ್ಯತೆಯನ್ನು ಪರಿಗಣಿಸುತ್ತದೆ. 2000ದ ಮಾರ್ಚ್‌ನಲ್ಲಿ ಸಿನ್ಸಿನಾಟಿ ದೇಶದ ಅಗ್ರ ತಂಡವಾಗಿತ್ತು. ಆ ವರ್ಷದ ಶ್ರೇಷ್ಠ ಆಟಗಾರ ಕೆನ್ಯನ್ ಮಾರ್ಟಿನ್ ಕಾನ್ಫರೆನ್ಸ್ (ಋತುವಿಡೀ ಪರಸ್ಪರ ಆಡುವ ಕಾಲೇಜುಗಳ ಕೂಟ) ಟೂರ್ನಿಯಲ್ಲಿ ಕಾಲು ಮುರಿದುಕೊಂಡ ನಂತರ ಸಮಿತಿ ಅದಕ್ಕೆ ಎರಡನೇ ಶ್ರೇಯಾಂಕ ಕೊಟ್ಟಿತು, ಅದು ಎರಡನೇ ಪಂದ್ಯದಲ್ಲಿ ಟಲ್ಸಾಕ್ಕೆ ಸೋತಿತು. 2010ರಲ್ಲಿ ಪರ್ಡ್ಯೂ ತಂಡದ ರಾಬಿ ಹಮ್ಮೆಲ್ ಫೆಬ್ರವರಿ ಕೊನೆಯಲ್ಲಿ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದುಕೊಂಡ. ತಂಡ ನಾಲ್ಕನೇ ಶ್ರೇಯಾಂಕಕ್ಕೆ ಇಳಿಯಿತು. ಕಾನ್ಫರೆನ್ಸ್ ಟೂರ್ನಿಯಲ್ಲಿ ಮಿನೆಸೋಟಾ ವಿರುದ್ಧ 42 ಅಂಕಗಳಿಗೆ ಕುಸಿದದ್ದನ್ನು ಕಂಡು ನಾನೂ ಆ ವರ್ಷ ಪರ್ಡ್ಯೂವನ್ನು ಮೊದಲ ಸುತ್ತಿನಲ್ಲೇ ತೆಗೆದುಹಾಕಿದ್ದೆ. ಅದು ಎರಡು ಪಂದ್ಯ ಗೆದ್ದು ಕೊನೆಯ ಹದಿನಾರಕ್ಕೆ ಹೋಯಿತು. ಅಲ್ಲಿ ಅದನ್ನು ಸೋಲಿಸಿದ ಡ್ಯೂಕ್ ಆ ವರ್ಷದ ಚಾಂಪಿಯನ್. ಒಂದು ಕೆಟ್ಟ ಪಂದ್ಯಕ್ಕೆ ಕೊಟ್ಟ ಅತಿ ತೂಕ ಅದು. ನಿಮ್ಮ ಹಂಟರ್ ಪ್ರಸಂಗ ಮಾತ್ರ ಬೇರೆ: ಅವನ ಗಾಯ ಪ್ರಕಟವಾದದ್ದು ಶ್ರೇಯಾಂಕ ಘೋಷಣೆಯಾದ ಎರಡು ದಿನಗಳ ಮೇಲೆ, ಮಂಗಳವಾರ. ಭಾನುವಾರಕ್ಕೂ ಮೊದಲ ಸುತ್ತು ಶುರುವಾಗುವ ಗುರುವಾರ ಮಧ್ಯಾಹ್ನಕ್ಕೂ ನಡುವೆ ಬರುವ ಸುದ್ದಿಗೆ ಅತಿ ಹೆಚ್ಚು ಬೆಲೆ ಇರುವುದು ಇದೇ ಕಾರಣಕ್ಕೆ. ಶ್ರೇಯಾಂಕದಲ್ಲಿ ಅದರ ಸುಳಿವೇ ಇರುವುದಿಲ್ಲ.

ಹಾಗಾದರೆ ಅವನಿಲ್ಲದೆ ಆಡಿದ ಪಂದ್ಯಗಳನ್ನಷ್ಟೇ ನೋಡಿದರಾಗದೇ ಎಂದು ನೀವು ಕೇಳಬಹುದು. ಬಹಳ ಜನ ಹಾಗೆಯೇ ಮಾಡುತ್ತಾರೆ. 2019ರಲ್ಲಿ ಝಯಾನ್ ವಿಲಿಯಮ್ಸನ್ ನಾರ್ತ್ ಕ್ಯಾರೊಲೈನಾ ವಿರುದ್ಧದ ಪಂದ್ಯದ ಮೊದಲ ನಿಮಿಷದಲ್ಲೇ ಮೊಣಕಾಲು ಉಳುಕಿ ಹೊರನಡೆದ ನಂತರ, ಆ ಪಂದ್ಯವೂ ಸೇರಿ ಡ್ಯೂಕ್ ಆರರಲ್ಲಿ ಮೂರು ಗೆದ್ದು ಮೂರು ಸೋತಿತು. ಆದರೆ ಆ ಮೂರು ಸೋಲುಗಳಲ್ಲಿ ಎರಡು ಒಂದನೇ ಶ್ರೇಯಾಂಕ ಪಡೆದ ನಾರ್ತ್ ಕ್ಯಾರೊಲೈನಾ ವಿರುದ್ಧವೇ ಬಂದವು, ಇನ್ನೊಂದು ನಾಲ್ಕನೇ ಶ್ರೇಯಾಂಕದ ವರ್ಜೀನಿಯಾ ಟೆಕ್ ವಿರುದ್ಧ. ಎದುರಾಳಿಯ ಬಲವನ್ನು ಸರಿದೂಗಿಸಿದ ಮೇಲೂ ಆರು ಪಂದ್ಯಗಳ ಸರಾಸರಿಯಲ್ಲಿ ನಾಲ್ಕೂವರೆ ಅಂಕಗಳಷ್ಟು ಆಕಸ್ಮಿಕ ಏರುಪೇರು ಉಳಿಯುತ್ತದೆ (11ನ್ನು ಆರರ ವರ್ಗಮೂಲದಿಂದ ಭಾಗಿಸಿ ನೋಡಿ). ನಾವು ಅಳೆಯಹೊರಟಿರುವುದು ಮೂರೋ ನಾಲ್ಕೋ ಅಂಕಗಳ ನಷ್ಟವನ್ನು. ತಕ್ಕಡಿಯ ಅಲುಗಾಟವೇ ಸರಕಿಗಿಂತ ಭಾರವಾಗಿದೆ. ಅಂಥ ಪಂದ್ಯಗಳು ಆರೇಳು ಇದ್ದರೆ ಅವುಗಳಿಗೆ ನಾಲ್ಕನೇ ಒಂದು ಪಾಲು ತೂಕವನ್ನೂ, ಮೇಲೆ ಹೇಳಿದ ನಿಮಿಷಗಳ ಲೆಕ್ಕಕ್ಕೆ ಉಳಿದ ತೂಕವನ್ನೂ ಕೊಡುವುದು ನನ್ನ ಪದ್ಧತಿ. ಹದಿನೈದಕ್ಕೂ ಹೆಚ್ಚು ಪಂದ್ಯಗಳಿದ್ದರೆ ಎರಡಕ್ಕೂ ಸಮಪಾಲು ಕೊಡಬಹುದು.

ಮರಳಿ ಬರುವ ಆಟಗಾರನನ್ನು ತೂಗುವುದು ಗೈರುಹಾಜರಾದವನನ್ನು ತೂಗುವುದಕ್ಕಿಂತ ಕಷ್ಟ. 2015ರಲ್ಲಿ ವರ್ಜೀನಿಯಾದ ಜಸ್ಟಿನ್ ಆ್ಯಂಡರ್ಸನ್ ಫೆಬ್ರವರಿಯಲ್ಲಿ ಬೆರಳು ಮುರಿದುಕೊಂಡ. ಚೇತರಿಸಿಕೊಳ್ಳುವಾಗ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೂ ಆಯಿತು. ಮಾರ್ಚ್‌ನಲ್ಲಿ ಅವನು ಆಡಿದ, ಆದರೆ ಮೊದಲಿನ ಆಟ ಬರಲಿಲ್ಲ. ಎರಡನೇ ಶ್ರೇಯಾಂಕದ ತಂಡ ಎರಡನೇ ಪಂದ್ಯದಲ್ಲಿ ಮಿಷಿಗನ್ ಸ್ಟೇಟ್‌ಗೆ 60–54ರಿಂದ ಸೋತಿತು. 2024ರಲ್ಲಿ ಮಾರ್ಕ್ವೆಟ್ ತಂಡದ ಟೈಲರ್ ಕೋಲೆಕ್ ಹೊಟ್ಟೆಯ ಪಕ್ಕದ ಸ್ನಾಯುವಿನ ನೋವಿನಿಂದ ಆರು ಪಂದ್ಯ ತಪ್ಪಿಸಿಕೊಂಡು ನೇರವಾಗಿ ಟೂರ್ನಿಗೆ ಬಂದ, ಮೊದಲ ಪಂದ್ಯದಲ್ಲೇ 18 ಅಂಕ ಮತ್ತು 11 ಅಸಿಸ್ಟ್ ಗಳಿಸಿದ. ಈ ಎರಡರ ನಡುವಿನ ವ್ಯತ್ಯಾಸವನ್ನು ಮುಂಚಿತವಾಗಿ ಖಚಿತವಾಗಿ ಹೇಳಬಲ್ಲವರಿಲ್ಲ, ಆದರೆ ಕೆಲವು ಸುಳಿವುಗಳಿವೆ. ಎಸೆಯುವ ಕೈಯ ಬೆರಳು ಅಥವಾ ಮಣಿಕಟ್ಟಿನ ಮೂಳೆ ಕೂಡಿಕೊಂಡರೂ ಎಸೆತದ ಹದ ಮರಳಲು ವಾರಗಳು ಬೇಕು. ಪಾದದ ಕೀಲಿನ ಸಾಧಾರಣ ಉಳುಕು ಎಂಟು ಹತ್ತು ದಿನಗಳಲ್ಲಿ ಆಡುವಷ್ಟು ಇಳಿಯುತ್ತದೆ, ಆದರೆ ಟೂರ್ನಿಯಲ್ಲಿ ಗುರುವಾರ ಆಡಿದವರು ಶನಿವಾರ, ಶುಕ್ರವಾರ ಆಡಿದವರು ಭಾನುವಾರ ಮತ್ತೆ ಆಡಬೇಕು. ಮೊದಲ ಪಂದ್ಯದಲ್ಲಿ ಚೆನ್ನಾಗಿ ಓಡಿದ ಕಾಲು ನಲವತ್ತೆಂಟು ಗಂಟೆಗಳ ನಂತರ ಊದಿಕೊಂಡಿರಬಹುದು. ತಲೆಗೆ ಪೆಟ್ಟಾದಾಗ ಆಟಗಾರ ಹಂತಹಂತದ ವೈದ್ಯಕೀಯ ಪರೀಕ್ಷೆ ದಾಟಬೇಕಾಗಿರುವುದರಿಂದ ದಿನಾಂಕವನ್ನು ಊಹಿಸಲು ಹೋಗಬೇಡಿ.

ಆಡುತ್ತಾನೋ ಇಲ್ಲವೋ ಗೊತ್ತಿಲ್ಲದಾಗ ಅನೇಕರು ನಷ್ಟವನ್ನು ಅರ್ಧಕ್ಕೆ ಇಳಿಸಿ ಎಲ್ಲ ಸುತ್ತುಗಳಿಗೂ ಅನ್ವಯಿಸುತ್ತಾರೆ. ಅದಕ್ಕಿಂತ ಎರಡು ಹಾಳೆ ಮಾಡುವುದು ಉತ್ತಮ: ಒಂದು ಅವನು ಇರುವ ತಂಡಕ್ಕೆ, ಇನ್ನೊಂದು ಅವನು ಇಲ್ಲದ ತಂಡಕ್ಕೆ. ಮೇಲಿನ ಉದಾಹರಣೆಯಲ್ಲಿ ಅವನು ಆಡುವ ಸಾಧ್ಯತೆ ಶೇ 60 ಎಂದಾದರೆ, ಶೇ 12.3ರ ಶೇ 60 ಮತ್ತು ಶೇ 5.2ರ ಶೇ 40 ಸೇರಿ ಶೇ 9.5ರ ಹತ್ತಿರ ಬರುತ್ತದೆ. ಅವನು ಪೂರ್ಣ ಶಕ್ತಿಯಿಂದ ಆಡಲಾರ ಎನಿಸಿದರೆ ಮೊದಲ ಹಾಳೆಯಲ್ಲೇ ಅರ್ಧ ಅಥವಾ ಒಂದು ಅಂಕ ಕಳೆಯಿರಿ.

ಸುದ್ದಿಯ ನಂಬಿಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಎನ್‌ಬಿಎಯಲ್ಲಿರುವಂತೆ ಗಾಯಗಳ ಕಡ್ಡಾಯ ವರದಿ ಕಾಲೇಜು ಆಟದಲ್ಲಿ ಬಹಳ ಕಾಲ ಇರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಸ್‌ಇಸಿಯಂಥ ಕಾನ್ಫರೆನ್ಸ್‌ಗಳು ಲಭ್ಯತಾ ವರದಿ ಕೊಡಲು ಆರಂಭಿಸಿವೆ. ತರಬೇತುದಾರರು "ಪಂದ್ಯದ ಹೊತ್ತಿಗೆ ನೋಡೋಣ" ಎನ್ನುವುದರಲ್ಲಿ ಮಾಹಿತಿ ಹೆಚ್ಚೇನೂ ಇಲ್ಲ. ಪಂದ್ಯದ ಹಿಂದಿನ ದಿನದ ಬಹಿರಂಗ ಅಭ್ಯಾಸದಲ್ಲಿ ಆಟಗಾರ ಓಡಿದನೇ, ದಿಕ್ಕು ಬದಲಿಸಿದನೇ ಎಂದು ಅಲ್ಲಿದ್ದ ವರದಿಗಾರರು ಬರೆದದ್ದು ಅದಕ್ಕಿಂತ ನಂಬಲರ್ಹ. ಆಟಗಾರರಿಗೇ ಸಂದೇಶ ಕಳಿಸಿ ಗಾಯದ ವಿವರ ಕೇಳುವ, ಸೋತಾಗ ಬೈಯುವ ಜನರೂ ಇದ್ದಾರೆ. ಇವರು ಹದಿನೆಂಟರಿಂದ ಇಪ್ಪತ್ತೆರಡು ವಯಸ್ಸಿನ ವಿದ್ಯಾರ್ಥಿಗಳು ಎಂಬುದನ್ನು ನಾವು ಎಂದೂ ಮರೆಯಬಾರದು. ಸಾರ್ವಜನಿಕವಾಗಿ ಗೊತ್ತಿರುವುದಷ್ಟರಿಂದಲೇ ಲೆಕ್ಕ ಹಾಕೋಣ; ಅವರ ವೈದ್ಯಕೀಯ ಗುಟ್ಟು ನಮ್ಮ ಹಾಳೆಗೆ ಬೇಕಿಲ್ಲ.

ಇನ್ನು ನಿಮ್ಮ 2025ರ ಡ್ಯೂಕ್. ಫ್ಲ್ಯಾಗ್ ಆ ತಂಡದಲ್ಲಿ ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಐದರಲ್ಲೂ ಮೊದಲಿಗನಾಗಿದ್ದ. ಅವನು ಇಡೀ ಟೂರ್ನಿಗೆ ಇಲ್ಲವೆಂದಾದರೆ ನಾನು 4 ಅಂಕಗಳಿಗಿಂತ ಕಡಿಮೆ ಕಳೆಯುತ್ತಿರಲಿಲ್ಲ. ಆದರೂ ಎರಡನೇ ಸುತ್ತಿನಲ್ಲಿ ಎಂಟು ಅಥವಾ ಒಂಬತ್ತನೇ ಶ್ರೇಯಾಂಕದ ತಂಡದ ವಿರುದ್ಧ ಡ್ಯೂಕ್ 12 ಅಂಕಗಳ ಮೇಲುಗೈ ಹೊಂದಿತ್ತೆಂದು ಹಿಡಿದರೆ, 4 ಕಳೆದ ಮೇಲೆ ಉಳಿಯುವ 8 ಅಂಕಗಳಿಗೆ ಗೆಲುವಿನ ಸಾಧ್ಯತೆ ಶೇ 76ಕ್ಕಿಂತ ಹೆಚ್ಚು. ಅಂದರೆ ಫ್ಲ್ಯಾಗ್ ಒಂದೂ ನಿಮಿಷ ಆಡದಿದ್ದರೂ ನೀವು ಬರೆದ ಸೋಲು ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆಯದ್ದು. ಅವನಿಲ್ಲದೆಯೇ ಡ್ಯೂಕ್ ನಾರ್ತ್ ಕ್ಯಾರೊಲೈನಾ ಮತ್ತು ಲೂಯಿವಿಲ್ ತಂಡಗಳನ್ನು ಸೋಲಿಸಿ ಕಾನ್ಫರೆನ್ಸ್ ಪ್ರಶಸ್ತಿ ಗೆದ್ದದ್ದು ಆಗಲೇ ನಿಮ್ಮ ಕಣ್ಣೆದುರಿಗಿತ್ತು, ಗಾಯವೂ ಎಂಟು ದಿನಗಳ ಬಿಡುವಿನಲ್ಲಿ ಇಳಿಯಬಹುದಾದ ಉಳುಕು. ಅವನು ಮೊದಲ ಪಂದ್ಯಕ್ಕೇ ಮರಳಿದ. ಡ್ಯೂಕ್ ಸೆಮಿಫೈನಲ್‌ನಲ್ಲಿ ಹ್ಯೂಸ್ಟನ್‌ಗೆ 70–67ರಿಂದ ಸೋತಿತು. ಆ ಗುರುವಾರ ಬೆಳಿಗ್ಗೆ ನನ್ನ ಮುಂದೆ ನಿಮ್ಮ ಹಾಳೆ ಇದ್ದಿದ್ದರೆ ಡ್ಯೂಕ್‌ನ್ನು ಕೊನೆಯ ನಾಲ್ಕರವರೆಗೆ ಹಾಗೆಯೇ ಬಿಟ್ಟು, ಚಾಂಪಿಯನ್ ಚೌಕದಲ್ಲಿ ಮಾತ್ರ ಎರಡು ಹಾಳೆಗಳ ಲೆಕ್ಕ ಮಾಡಿ ಫ್ಲೋರಿಡಾ, ಆಬರ್ನ್, ಹ್ಯೂಸ್ಟನ್‌ಗಳ ಜೊತೆ ಹೋಲಿಸುತ್ತಿದ್ದೆ. ಹಾಗೆಯೇ ಕಚೇರಿಯ ಉಳಿದವರು ಹೆದರಿ ಡ್ಯೂಕ್‌ನ್ನು ಬಿಟ್ಟಿದ್ದಾರೆಯೇ ಎಂದೂ ಕೇಳುತ್ತಿದ್ದೆ, ಏಕೆಂದರೆ ಎಲ್ಲರೂ ಬಿಟ್ಟ ಬಲಿಷ್ಠ ತಂಡವನ್ನು ಹಿಡಿದವನಿಗೆ ಅದು ಗೆದ್ದಾಗ ಸಿಗುವ 32 ಪಾಲನ್ನು ಯಾರೊಂದಿಗೂ ಹಂಚಿಕೊಳ್ಳಬೇಕಾಗಿರುವುದಿಲ್ಲ.